ಬಲಕ್ಕೆ ತಿರುಗದ ಲಾರಿ

ಮನೆ ಮುಂದೆ ಹಳೇ ಲಾರಿ ಒಂದಿದ್ದರೆ ನಗೋದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ದಿನಕ್ಕೊಬ್ಬರು ತಾವಾಗಿಯೇ ಬಂದು ನಗಿಸಿ ಹೋಗುತ್ತಾರೆ.

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಸುಂಕದಕಟ್ಟೆಗೆ ಬಂದು ಇಲ್ಲೇ ಮುದುಕಿಯಾದೆ. ಯಜಮಾನರು ಹೋಗುವಾಗ ಒಂದು ನೀರಿನ ಟ್ಯಾಂಕರ್ ಲಾರಿ ಬಿಟ್ಟುಹೋದರು. ಅದರ ದೆಸೆಯಿಂದ ಬೀದಿಯವರು ನನ್ನನ್ನು ಓನರಮ್ಮ ಅನ್ನುತ್ತಾರೆ. ಈ ಬೇಸಿಗೆಯಲ್ಲಿ ಅದರ ಸ್ಟೀರಿಂಗ್ ಕಲ್ಲಿನಂತೆ ಗಟ್ಟಿಯಾಯಿತು, ತಿರುಗಿಸಿದರೆ ನಾಯಿ ಊಳಿಟ್ಟಂತೆ ಸದ್ದು.

ಇನ್ಶೂರೆನ್ಸ್ ಆಫೀಸಿನಲ್ಲಿರುವ ನನ್ನ ಮಗ ತೀರ್ಪು ಕೊಟ್ಟ: "ಅಮ್ಮ, ಇದೇ ಕೊನೇ ರಿಪೇರಿ. ಸರಿಹೋಗ್ಲಿಲ್ಲ ಅಂದ್ರೆ ಮಾರಿಬಿಡೋದು."

ಲಾರಿ ಹೋದರೆ ನಾನು ಬರೀ ಅಜ್ಜಿ. ಸೊಸೆಯ ಪಕ್ಕ ಕೂತು ಅವಳು ಹಾಕಿದ ಧಾರಾವಾಹಿ ನೋಡಬೇಕು. ಅದಕ್ಕಿಂತ ಜೈಲು ವಾಸಿ. ಅಲ್ಲಿ ಶಿಕ್ಷೆ ಮುಗಿಯೋ ದಿನ ಮೊದಲೇ ಗೊತ್ತಿರುತ್ತದೆ.

ತಜ್ಞರ ಸಭೆ

ಲಾರಿ ಕೆಟ್ಟು ನಿಂತರೆ ನಮ್ಮ ಬೀದಿಯಲ್ಲಿ ಎಲ್ಲರೂ ಮೆಕ್ಯಾನಿಕ್ಕೇ. ಜೀವಮಾನದಲ್ಲಿ ಸ್ಕೂಟರ್ ಬಿಟ್ಟು ಬೇರೇನೂ ಓಡಿಸದ ಎದುರುಮನೆಯ ನಿವೃತ್ತ ಮೇಷ್ಟ್ರು ಲುಂಗಿ ಎತ್ತಿ ಕಟ್ಟಿ ಬಂದರು. ಮುಂದಿನ ಚಕ್ರಕ್ಕೆ ಕಾಲಿಂದ ಒದ್ದರು.

"ಗಾಳಿ ಕಮ್ಮಿ ಕಣಮ್ಮ. ಯೂಟ್ಯೂಬಲ್ಲಿ ನೋಡಿದೀನಿ."

ದಿನಸಿ ಅಂಗಡಿಯವರು ಹೌದು ಅಂದರು. ಇಸ್ತ್ರಿಯವನು ನೂರಕ್ಕೆ ನೂರು ಹೌದು ಅಂದ. ಇಷ್ಟು ಜನ ಒಪ್ಪಿದ ಮೇಲೆ ನಮ್ಮ ಲಾರಿ ಡ್ರೈವರ್ ಪಾಪ ಏನು ಮಾಡಿಯಾನು? ಟೈರಿಗೆ ಹಿಡಿಸುವಷ್ಟು ಗಾಳಿ ತುಂಬಿಸಿಕೊಂಡು ಬಂದ. ರಸ್ತೆಯ ಹಂಪಿನ ಮೇಲೆ ಹೋದರೆ ಲಾರಿ ಕುಪ್ಪಳಿಸತೊಡಗಿತು.

ಸಂಜೆ ಮೇಷ್ಟ್ರು ಕೇಳಿದರು, "ಹೇಗಿದೆಯಪ್ಪಾ ಈಗ?"

ಡ್ರೈವರ್ ಸೊಂಟ ಹಿಡಿದುಕೊಂಡೇ ಹೇಳಿದ: "ಬೆಳಿಗ್ಗೆ ಸ್ಟೀರಿಂಗ್ ಒಂದೇ ಗಟ್ಟಿ ಇತ್ತು ಸಾರ್. ಈಗ ಸೀಟೂ ಗಟ್ಟಿಯಾಗಿದೆ."

ಎಡಗಡೆಯ ಗಿರಾಕಿಗಳು

ಮೆಕ್ಯಾನಿಕ್ ಸಿಗುವವರೆಗೆ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಡ್ರೈವರ್ ತನ್ನದೇ ಉಪಾಯ ಮಾಡಿಕೊಂಡ: ಎಡಕ್ಕೆ ಹೇಗೋ ಎಳೆದು ತಿರುಗಿಸುತ್ತಿದ್ದ, ಬಲಕ್ಕೆ ಇನ್ನೂ ಗಟ್ಟಿ ಅಂತ ಆ ಕಡೆ ತಿರುಗುವುದನ್ನೇ ಬಿಟ್ಟುಬಿಟ್ಟ. ನನಗೆ ಇದು ಗೊತ್ತಿರಲಿಲ್ಲ. ಬಸವೇಶ್ವರನಗರದ ಗಿರಾಕಿಯೊಬ್ಬರು ಫೋನ್ ಮಾಡಿ ಕೂಗಾಡಿದರು: "ಆಂಟಿ, ಸಂಪು ಖಾಲಿ, ಮನೆ ತುಂಬ ನೆಂಟರು. ನಿಮ್ಮ ಲಾರಿ ನಮ್ಮ ರೋಡಿನ ತುದಿವರೆಗೂ ಬಂದು ಯಾರದೋ ಮನೆಗೆ ನೀರು ಬಿಟ್ಟು ಹೋಯ್ತು!"

ನಾನು ಡ್ರೈವರನ್ನು ಹಿಡಿದು ಕೇಳಿದೆ, "ಯಾಕೋ ತಮ್ಮಾ, ಹೇಳಿದ ಮನಿ ಬಿಟ್ಟು ಬ್ಯಾರೆ ಮನಿಗೆ ಯಾಕ ಹಾಕಿದಿ?"

"ಅವ್ರ ಮನೆ ಬಲಕ್ಕಿದೆ ಓನರಮ್ಮ. ಇವ್ರು ಎಡಕ್ಕಿದ್ರು, ಪಾಪ, ಒಳ್ಳೆ ಜನ."

ಹೊಸ ಪಂಪು

ಕೊನೆಗೆ ಮಾಗಡಿ ರಸ್ತೆಯ ಮೆಕ್ಯಾನಿಕ್ ಬಂದ. ಎಣ್ಣೆಯನ್ನು ಒತ್ತಡದಿಂದ ತಳ್ಳಿ ಸ್ಟೀರಿಂಗನ್ನು ಹಗುರ ಮಾಡುವ ಪಂಪು ಸತ್ತಿದೆ, ಬದಲಾಯಿಸಬೇಕು ಅಂದ. ಮರುದಿನ ಒಂದು ಪಂಪು ತಂದ. ಅದರ ಮೈ ತುಂಬ ಇನ್ಯಾರದೋ ಲಾರಿಯ ಮಸಿ.

"ಇದು ಹೊಸದೇನಪಾ?"

"ನಿಮ್ಮ ಲಾರಿಗೆ ಹೊಸದೇ ಅಮ್ಮ."

ಪಂಪು ಕೂರಿಸಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕಂತೆ. ಜಾಕ್ ಕೊಟ್ಟು ಮುಂದಿನ ಚಕ್ರ ಎರಡನ್ನೂ ನೆಲದಿಂದ ಎತ್ತಿದ. ಇಂಜಿನ್ ಆಫ್. ಯಾರಾದರೂ ಮೇಲೆ ಕೂತು ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸುತ್ತಿರಬೇಕು. ಡ್ರೈವರ್ ತಿಂಡಿಗೆ ಹೋಗಿದ್ದ. ಆಫೀಸಿಗೆ ಹೊರಟಿದ್ದ ನನ್ನ ಮಗ ಇಸ್ತ್ರಿ ಶರ್ಟಿನಲ್ಲೇ ಹತ್ತಿ ಕೂತ. ಅಷ್ಟರಲ್ಲಿ ಮೆಕ್ಯಾನಿಕ್‌ಗೆ ಫೋನ್ ಬಂತು. ಮಾತಾಡುತ್ತಾ ಟೀ ಅಂಗಡಿ ಕಡೆ ನಡೆದ. ಸಾಕು ಅನ್ನುವವರು ಯಾರೂ ಇಲ್ಲ. ಮಗ ತಿರುಗಿಸಿದ, ತಿರುಗಿಸಿದ, ಶರ್ಟು ಬೆನ್ನಿಗೆ ಅಂಟುವ ತನಕ ತಿರುಗಿಸಿದ.

ಮೇಷ್ಟ್ರು ಗೇಟಿಂದಲೇ ವಿಚಾರಿಸಿದರು: "ಸ್ವಂತ ಲಾರಿಲೇ ಆಫೀಸಿಗಾ? ಇನ್ನೂ ಎಷ್ಟು ದೂರ ಇದೆ?"

ತೀರ್ಥ

ಸ್ಟೀರಿಂಗ್ ಹಗುರವಾಯಿತು. ನಾನು ಗೆದ್ದೆ ಅಂದುಕೊಂಡೆ. ಆದರೆ ವಾರ ತುಂಬುವ ಮೊದಲೇ ಮತ್ತೆ ಅದೇ ಗಟ್ಟಿ, ಅದೇ ಊಳು. ಮಗನ ಮುಖದಲ್ಲಿ ಹಬ್ಬದ ಕಳೆ. "ಭಾನುವಾರ ಪಾರ್ಟಿ ಬರ್ತಾರಮ್ಮ, ಲಾರಿ ನೋಡೋಕೆ," ಅಂದ.

ಶನಿವಾರ ಮೆಕ್ಯಾನಿಕ್ ಬಂದು ಸ್ಟೀರಿಂಗ್ ಎಣ್ಣೆಯ ಡಬ್ಬಿ ಮುಚ್ಚಳ ತೆಗೆದ. ಒಳಗೆ ಎಣ್ಣೆ ಇರಲಿಲ್ಲ, ಮಜ್ಜಿಗೆ ಇತ್ತು! ಬೆಳ್ಳಗೆ, ಮೇಲೆ ನೊರೆ ಬೇರೆ.

"ನೀರು ಸೇರಿದ್ರೆ ಎಣ್ಣೆ ಹಿಂಗೆ ಬೆಳ್ಳಗಾಗೋದು. ಇದಕ್ಕೆ ನೀರು ಹಾಕಿದ್ಯಾರು?"

ಡ್ರೈವರ್ ಮುಂದೆ ಬಂದ. "ನೀರಲ್ಲಣ್ಣ, ತೀರ್ಥ. ಹೊಸ ಪಂಪಿಗೆ ಪೂಜೆ ಮಾಡಿಸ್ದೆ. ಮೇಲೆ ಚಿಮುಕಿಸಿದ್ರೆ ಒಳಗಿರೋ ಪಂಪಿಗೆ ಹೇಗೆ ತಾಗುತ್ತೆ? ಅದಕ್ಕೇ ಒಂದೇ ಒಂದು ಉದ್ಧರಣೆ ಬಿಟ್ಟೆ. ಲಾರಿ ಮಾರಾಟ ಆಗದೆ ಇರ್ಲಿ ಅಂತ."

"ಒಂದು ಉದ್ಧರಣೆಗೆ ಇಷ್ಟು ಮಜ್ಜಿಗೆ ಆಗಲ್ಲ ಗುರು."

ನನ್ನ ಮಗ ಇದ್ದಕ್ಕಿದ್ದಂತೆ ಕಾಂಪೌಂಡ್ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಏನೋ?" ಅಂದೆ.

"ನಾನೂ ಒಂದು ಲೋಟ ಹಾಕಿದ್ದೆ ಅಮ್ಮ. ಒಳ್ಳೆ ರೇಟಿಗೆ ಮಾರಾಟ ಆಗ್ಲಿ ಅಂತ. ಇವನು ಹಾಕಿದ್ದು ನೋಡಿ... ಹಾಕ್ಬೋದು ಅನ್ಕೊಂಡೆ."

ವಿಚಾರಿಸಿದರೆ ಇಬ್ಬರದೂ ಒಂದೇ ಗುಡಿ, ಒಬ್ಬರೇ ಪೂಜಾರಿ. ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. "ಒಂದೇ ದೇವ್ರ ಹತ್ರ ಒಬ್ರು ಆ ಕಡೆ ಎಳುದ್ರೆ, ಒಬ್ರು ಈ ಕಡೆ ಎಳುದ್ರೆ, ಸ್ಟೀರಿಂಗ್ ಪಾಪ ಎತ್ಲಾಗಂತ ತಿರುಗ್ಬೇಕು?"

ಮಜ್ಜಿಗೆಯನ್ನೆಲ್ಲ ಬಸಿದು, ಕೊಳವೆಗಳನ್ನು ತೊಳೆದು, ಹೊಸ ಎಣ್ಣೆ ಹಾಕಿಸಿದೆ. ಡಬ್ಬಿ ಮುಚ್ಚಳಕ್ಕೆ ಕೊಂಡಿ ಮಾಡಿಸಿ ಬೀಗ ಜಡಿದೆ.

ಭಾನುವಾರ ಪಾರ್ಟಿ ಬಂದರು. ಕೊರಳಲ್ಲಿ ದಪ್ಪ ಚೈನು, ಕೈಯಲ್ಲಿ ಎರಡು ಫೋನು. ಲಾರಿ ಹತ್ತಿ ಒಂದೇ ಬೆರಳಲ್ಲಿ ಸ್ಟೀರಿಂಗ್ ತಿರುಗಿಸಿದರು. "ಬೆಣ್ಣೆ ಇದ್ದಂಗಿದೆ ಸಾರ್!" ಮಗ ಹಲ್ಲು ಕಿರಿದ. ನಾನೇ ರಿಪೇರಿ ಮಾಡಿಸಿ ನಾನೇ ಕೆಟ್ಟೆನಲ್ಲ! ಆಮೇಲೆ ಅವರು ಕೆಳಗಿಳಿದು ಇಂಜಿನ್ ನೋಡಿದರು.

"ಇದೇನಜ್ಜಿ, ಸ್ಟೀರಿಂಗ್ ಎಣ್ಣೆಗೆ ಬೀಗ?"

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. "ದೇವ್ರು ಒಳಗ ಹೋಗತಾರಪಾ, ಅದಕ್ಕ ಕೀಲಿ ಹಾಕೀನಿ."

ಅವರು ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟು, ಲಾರಿಗೆ ಕೈ ಮುಗಿದು, ಬರಿಗಾಲಲ್ಲೇ ಕಾರು ಹತ್ತಿ ಹೊರಟುಹೋದರು.