ಹಲ್ಲುದುರಿದ ಗೇರ್‌ಬಾಕ್ಸು

ಕಾನ್ವೆಂಟಿನಲ್ಲಿ ಕಲಿತ ಹೆಣ್ಣಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ನಮ್ಮ ಯರಗುಪ್ಪಿಯಲ್ಲಿ ಎಲ್ಲರೂ ನಂಬಿದ್ದಾರೆ. ನಾನೂ ನಂಬಿದ್ದೆ. ಸುಳ್ಳು ಹೇಳದೆ ಬರೀ ಸುಮ್ಮನಿರುವುದು ಎಂಥ ದಣಿವಿನ ಕೆಲಸವೆಂದು ತಿಳಿದದ್ದು ನಮ್ಮ ಕಾರು ಕೆಟ್ಟ ಮೇಲೆ.

ಕಾರು ಹೊಸದಲ್ಲ, ಹುಬ್ಬಳ್ಳಿಯ ವಕೀಲರೊಬ್ಬರು ಹತ್ತು ವರ್ಷ ಓಡಿಸಿ ಮಾರಿದ್ದು. ಹಿಂದಿನ ಸೀಟಿನ ಸಂದಿಯಲ್ಲಿ ಒಂದು ಹೇರ್‌ಪಿನ್ನು, ನಾಲ್ಕು ಶೇಂಗಾ ಸಿಪ್ಪೆ ಸಿಕ್ಕಿದ್ದವು. ಸಂಸಾರಸ್ಥರ ಕಾರು ಎಂದು ನನಗೆ ಸಮಾಧಾನವಾಗಿತ್ತು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಕಾರೂ ಮನೆಗೆ ದುಡಿಯುವ ಜೀವವೇ ಅಲ್ಲವೇ ಎಂದು ನಮ್ಮ ಅತ್ತೆ ಮೊದಲ ವಾರವೇ ಅದಕ್ಕೂ ಸೋಮವಾರದ ಬಿಡುವು ಕೊಟ್ಟರು. ಆ ದಿನ ಅವರು ಕಾರಿನ ಹಣೆಗೆ ವಿಭೂತಿ ಹಚ್ಚಿ ಮಠಕ್ಕೆ ಹೋಗುವರು, ನಮ್ಮ ಯಜಮಾನರು ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗುವರು. ಮನೆಯಲ್ಲಿ ಉಳಿಯುತ್ತಿದ್ದದ್ದು ನಾನು, ಕಾರು, ಮೊಳೆಗೆ ತೂಗುಹಾಕಿದ ಕೀಲಿಕೈ.

ಕಾರು ಹೊಡೆಯುವುದನ್ನು ಕಲಿಸಿರೆಂದು ನಾನು ಕೇಳಿದಾಗಲೆಲ್ಲ ಯಜಮಾನರು "ನೋಡೂಣು" ಎನ್ನುತ್ತಿದ್ದರು. ಹೀಗಾಗಿ ಅವರ ಕೈಕಾಲು ನೋಡಿ ನೋಡಿ ನಾನೇ ಕಲಿತೆ. ನಮ್ಮ ಹಿತ್ತಲಿನಲ್ಲಿ ಮುಂದೆ ಹೋದರೆ ಗೋಡೆ, ಹಿಂದೆ ಬಂದರೆ ಮೇವಿನ ಬಣವೆ. ನನ್ನ ವಿದ್ಯೆಯೆಲ್ಲ ಮೊದಲನೇ ಗೇರು ಮತ್ತು ರಿವರ್ಸಿನಲ್ಲೇ ಮುಗಿಯುತ್ತಿತ್ತು. ಗೋಡೆ ಹತ್ತಿರ ಬಂದಾಗ ಗಾಬರಿಯಾಗಿ, ಕಾರು ಪೂರ್ತಿ ನಿಲ್ಲುವ ಮೊದಲೇ ರಿವರ್ಸಿಗೆ ಎಳೆಯುತ್ತಿದ್ದೆ. ಅದು ಕಟಕಟ ಎನ್ನುತ್ತಿತ್ತು. ವಯಸ್ಸಾದ ಮೇಲೆ ಯಾರ ಕೀಲು ಸದ್ದು ಮಾಡುವುದಿಲ್ಲ ಎಂದುಕೊಂಡೆ. ಹೀಗೆ ಆರು ಸೋಮವಾರ.

ಮುಂದೊಂದು ದಿನ ಕುಂದಗೋಳಕ್ಕೆ ಹೊರಟ ಕಾರು ಬಾಗಿಲಲ್ಲೇ ಗುರುಗುಟ್ಟಿ ನಿಂತಿತು. ಹುಬ್ಬಳ್ಳಿಯಿಂದ ಬಂದ ಇಮಾಮ್ ಮಿಸ್ತ್ರಿ ಗೇರ್‌ಬಾಕ್ಸು ಬಿಚ್ಚಿ ಗೋಣಿತಟ್ಟಿನ ಮೇಲೆ ಹರವಿದ.

"ಉಳದ ಗೇರು ಅಗದಿ ಛಲೋ ಅದಾವ್ರಿ ಸಾವ್ಕಾರ್ರ. ಒಂದನೇದು, ರಿವರ್ಸು ಎರಡರ ಹಲ್ಲೂ ಬೊಚ್ಚ ಆಗ್ಯಾವು. ಗಾಡಿ ನಿಲ್ಲೂದ್ರಾಗ ರಿವರ್ಸ್ ಹಾಕ್ಯಾರ ಯಾರೋ."

ನಾನು ಚಹಾದ ಕಪ್ಪುಗಳನ್ನು ಒಳಗೆ ಒಯ್ದೆ. ಅವು ಇನ್ನೂ ತುಂಬಿದ್ದವು.

ಖರ್ಚು ಕೇಳಿ ಯಜಮಾನರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆ ಯಾರೋ ಎಂದರೆ ವಕೀಲನೇ, ಹಾಳಾದ ಮಾಲು ನಮ್ಮ ಕೊರಳಿಗೆ ಕಟ್ಟಿದ್ದಾನೆ ಎಂದು ತೀರ್ಮಾನವಾಯಿತು. ದುರಸ್ತಿಯ ಖರ್ಚು ಕೊಡದಿದ್ದರೆ ಊರ ಹಿರಿಯರನ್ನು ಕರೆದುಕೊಂಡು ಬಂದು ಅವನ ಬಾಗಿಲಲ್ಲಿ ಕೂಡುತ್ತೇವೆಂದು ಪತ್ರ ಹೋಗಬೇಕು. ಅದೂ ಇಂಗ್ಲಿಷಿನಲ್ಲಿ, ವಕೀಲರು ಅದಕ್ಕೆ ಮಾತ್ರ ಹೆದರುತ್ತಾರಂತೆ. ಮನೆಯಲ್ಲಿ ಇಂಗ್ಲಿಷು ಬರುವವಳು ನಾನೊಬ್ಬಳೇ.

ಅವರು ಅಡ್ಡಾಡುತ್ತ ಹೇಳಿದರು, ನಾನು ಬರೆದೆ. ತಪ್ಪೊಪ್ಪಿಕೊಳ್ಳುವ ಧೈರ್ಯವಿಲ್ಲ, ನಿರಪರಾಧಿಯನ್ನು ಬೈಯುವ ಮನಸ್ಸೂ ಇಲ್ಲ. ಅವರು ಮೋಸಗಾರ ಎಂದಲ್ಲಿ ನಾನು ಮಾನ್ಯರೇ ಎಂದು ಬರೆದೆ. ರೊಕ್ಕ ಕಳಿಸು ಎಂದಲ್ಲಿ, ನಿಮ್ಮ ಕಾರಿನಿಂದ ನಮಗೆ ಬಹಳ ಅನುಕೂಲವಾಗಿದೆ, ನಿಮ್ಮ ಮನೆಯವರ ಹೇರ್‌ಪಿನ್ನು ನಮ್ಮ ಹತ್ತಿರ ಜೋಪಾನವಾಗಿದೆ ಎಂದು ಬರೆದೆ. ಯಜಮಾನರು ಠೀವಿಯಿಂದ ಸಹಿ ಹಾಕಿದರು.

ಮುಂದಿನ ಭಾನುವಾರ ವಕೀಲರು ಹೆಂಡತಿಯೊಡನೆ ಬಂದಿಳಿದರು, ಕೈಯಲ್ಲಿ ಪೇಢೆಯ ಪೊಟ್ಟಣ.

"ಹಳೇ ಗಾಡಿ ಮಾರಿದ್ದಕ್ಕ ಉಪಕಾರ ನೆನಿಸಿ ಬರ್ದವ್ರು ನೀವ ಮೊದಲ್ರಿ," ಎಂದವರೇ, ಪತ್ರವನ್ನು ಒಂದೊಂದು ಸಾಲಾಗಿ ಕನ್ನಡದಲ್ಲಿ ಅತ್ತೆಗೆ ಓದಿ ಹೇಳಿದರು. ಯಜಮಾನರು ಪೇಢೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಹೇರ್‌ಪಿನ್ನು ತರಲು ಒಳಗೆ ಹೋದೆ.

ಅತಿಥಿಗಳು ಹೋದ ಮೇಲೆ ಎಲ್ಲ ಹೇಳಿದೆ. ಗೋಡೆ, ಬಣವೆ, ಕಟಕಟ, ಆರೂ ಸೋಮವಾರ. ಯಜಮಾನರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಅತ್ತೆ ಮಾತ್ರ ಕೇಳಿದರು:

"ಹೊಡದಿ ಖರೆ. ಸೋಮವಾರನ ಯಾಕ ಹೊಡದಿ? ಉಳದ ಆರು ದಿನ ಸತ್ತಿದ್ದುವೇನು?"

ತವರಿನ ಎರಡು ಬಂಗಾರದ ಪಾಟ್ಲಿ ನಾನೇ ಕೈಯಿಂದ ತೆಗೆದುಕೊಟ್ಟೆ. ಗೇರ್‌ಬಾಕ್ಸಿಗೆ ಹೊಸ ಹಲ್ಲು ಬಂದವು. ನನ್ನ ಮೇಲಿನ ನಂಬಿಕೆ ಮಾತ್ರ ಇನ್ನೂ ದುರಸ್ತಿಯಲ್ಲಿದೆ. ಈಗ ನಾನು ಬರೆದ ಇಂಗ್ಲಿಷ್ ಪತ್ರವನ್ನೆಲ್ಲ ಯಜಮಾನರು ಶಾಲೆಯ ಮಾಸ್ತರರಿಗೆ ತೋರಿಸಿಯೇ ಟಪಾಲಿಗೆ ಹಾಕುತ್ತಾರೆ. ಮಾಸ್ತರರು ಬಹಳ ಪ್ರಾಮಾಣಿಕರು. ಅರ್ಥವಾಗದ ಮಾತುಗಳನ್ನೆಲ್ಲ ಚೀಟಿಯಲ್ಲಿ ಬರೆದು ನನ್ನ ಹತ್ತಿರವೇ ಕಳಿಸಿ ಕೇಳಿಕೊಳ್ಳುತ್ತಾರೆ.