ಲಿಫ್ಟಿನ ಬೀಗದ ಕೈ

ಕೂತಲ್ಲೇ ಕೂತು ಗಡಿಯಾರ ರಿಪೇರಿ ಮಾಡುವವನಿಗೆ ನಾಲ್ಕನೇ ಮಹಡಿಯ ಮನೆ ಎಂದೂ ಭಾರವೆನಿಸಿರಲಿಲ್ಲ, ಲಿಫ್ಟಿಗೆ ಬೀಗ ಬೀಳುವವರೆಗೆ. ಬೀಗ ಹಾಕಿಸಿದವರು ಕೆಳಮನೆಯ ಡ್ರಿಲ್ ಮೇಷ್ಟ್ರು. ನಿವೃತ್ತಿಯಾದ ಮೇಲೆ ಕುಣಿಸಲು ಮಕ್ಕಳು ಸಿಗದೆ, ಕಟ್ಟಡಕ್ಕೊಂದು ಆರೋಗ್ಯ ಸಮಿತಿ ಕಟ್ಟಿ ತಾವೇ ಅಧ್ಯಕ್ಷರಾಗಿದ್ದರು. ತಮ್ಮ ಬಾಗಿಲ ಪಕ್ಕದಲ್ಲಿದ್ದ ಲಿಫ್ಟಿನ ಸ್ವಿಚ್ಚು ಆರಿಸಿ, ಅದರ ಪೆಟ್ಟಿಗೆಗೆ ಬೀಗ ಜಡಿದಿದ್ದರು.

"ಇವತ್ತಿಂದ ಎಲ್ರೂ ಮೆಟ್ಟಿಲು ಹತ್ತೋದು. ಕೈಲಾಗದವ್ರಿಗೆ ಮಾತ್ರ ಬೀಗ ತೆಗಿಯೋದು!"

ಬೆಳಿಗ್ಗೆ ಇಳಿದದ್ದೇನೋ ಇಳಿದ. ಸಂಜೆ ಹತ್ತುವವರು ಯಾರು? ಹೊಟ್ಟೆ ಸವರಿಕೊಂಡು ಯೋಚಿಸಿದ. ಕೊನೇ ಮೆಟ್ಟಿಲಲ್ಲಿ "ಅಯ್ಯಯ್ಯೋ!" ಎಂದು ಮಂಡಿ ಹಿಡಿದು ಕುಸಿದ.

ಕರೆದರೂ ಬಾರದ ಜನ ನರಳಿದರೆ ಸಾಕು, ಓಡಿ ಬರುತ್ತಾರೆ. ಮೂರನೇ ಮಹಡಿಯ ಅಜ್ಜಿ ಬಿಸಿ ಎಣ್ಣೆ ತಂದು ಬಲಗಾಲಿಗೆ ಸುರಿದರು. ಎರಡನೇ ಮಹಡಿಯ ಕಾಂಪೌಂಡರು ಎಡಗಾಲನ್ನು ಸೀಸೆಯ ಮುಚ್ಚಳ ತಿರುಗಿಸುವಂತೆ ತಿರುಗಿಸಿ ಪಟ್ಟಿ ಕಟ್ಟಿದರು. ಅವನು ಎರಡಕ್ಕೂ ಪ್ರಾಮಾಣಿಕವಾಗಿಯೇ ಅರಚಿದ.

"ಎಣ್ಣೆ ಆ ಕಾಲಿಗೆ, ಪಟ್ಟಿ ಈ ಕಾಲಿಗೆ. ಕುಂಟ್ತಿರೋದು ಯಾವ್ದು?" ಗಲಾಟೆ ಕೇಳಿ ಇಳಿದು ಬಂದ ಹೆಂಡತಿ ಪಿಸುಗುಟ್ಟಿದಳು.

"ನೋಡೋರು ಯಾವ ಕಡೆ ಇದ್ದಾರೋ ಆ ಕಡೇದು. ಸುಮ್ನಿರೇ!"

ಸಂಜೆ ಅಂಗಡಿ ಮುಚ್ಚಿ ಕುಂಟುತ್ತ ಬಂದರೆ ಮೇಷ್ಟ್ರ ಬಾಗಿಲಲ್ಲಿ ಇಡೀ ಸಮಿತಿ ನಿಂತಿತ್ತು. ಗುಟ್ಟು ರಟ್ಟಾಯಿತೆಂದುಕೊಂಡು ಇನ್ನಷ್ಟು ಜೋರಾಗಿ ಕುಂಟಿದ.

ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. "ಇಷ್ಟು ನೋವಲ್ಲೂ ಅಂಗಡಿ ಬಾಗಿಲು ತೆಗೆದ್ರಲ್ಲ! ನೋವುಂಡವರಿಗೇ ನೋವು ಗೊತ್ತು ಕಣ್ರೀ. ಇನ್ನು ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ."

ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು! ಬೀಗ ತೆಗೆದು ರಾಜನಂತೆ ಲಿಫ್ಟಿನಲ್ಲಿ ಮೇಲೇರಿದ. ಚಪ್ಪಲಿ ಬಿಟ್ಟು ಕುರ್ಚಿಗೆ ಒರಗುವಷ್ಟರಲ್ಲಿ ಕೆಳಗಿನಿಂದ ಡ್ರಿಲ್ಲಿನ ಕಂಠ ಕೇಳಿಸಿತು.

"ರೀ ವಾಚಿನವ್ರೇ! ಬೀಗ ಯಾರ್ರೀ ಹಾಕೋರು? ತೆರೆದಿಟ್ರೆ ಊರೆಲ್ಲ ಹತ್ತುತ್ತೆ!"

ಲಿಫ್ಟಿನಲ್ಲಿ ಇಳಿದು, ಸ್ವಿಚ್ಚು ಆರಿಸಿ ಬೀಗ ಹಾಕಿದ. ಹಾಕಿದ ಮೇಲೆ ನೋಡುತ್ತಾನೆ, ತಾನು ಕೆಳಗೆ, ಮನೆ ಮೇಲೆ, ಲಿಫ್ಟು ಬಂದ್. ಮೇಷ್ಟ್ರು ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು. ದಾರಿಯಿಲ್ಲದೆ ಮೆಟ್ಟಿಲು ಹಿಡಿದ.

ಏದುಸಿರು ಬಿಡುತ್ತ ಮೂರನೇ ಮಹಡಿ ಮುಟ್ಟಿದಾಗ ಅಜ್ಜಿ ಕೈಚೀಲ ಹಿಡಿದು ಕಾದಿದ್ದರು. "ಬಂದ್ಯಾ ಮಗನೇ? ಕೆಳಗೆ ಹೋಗ್ಬೇಕು, ಬೀಗ ತೆಗಿಯಪ್ಪಾ."

ಇಳಿದ, ತೆಗೆದ, ಹಾಕಿದ, ಹತ್ತಿದ. ಹತ್ತುವಷ್ಟರಲ್ಲಿ ಅಜ್ಜಿ ವಾಪಸ್ ಬಂದು ಕೆಳಗಿನಿಂದ ಕೂಗಿದರು. ಅವರ ಹಿಂದೆ ಕಾಂಪೌಂಡರ ಅತ್ತೆ, ಆಮೇಲೆ ಯಾರದೋ ಮಾವ. ಕಟ್ಟಡದಲ್ಲಿ ಕೈಲಾಗದವರು ಇಷ್ಟು ಮಂದಿ ಇದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ.

ಊಟದ ಹೊತ್ತಿಗೆ ಗೋಡೆ ಹಿಡಿದುಕೊಂಡು ಒಳಬಂದವನನ್ನು ಹೆಂಡತಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈಗ ಯಾವ ಕಾಲ್ರೀ?"

"ಎರಡೂ ಕಣೇ," ಎಂದ. ಆ ಇಡೀ ದಿನದಲ್ಲಿ ನೋವಿನ ಬಗ್ಗೆ ಅವನು ಆಡಿದ ನಿಜ ಅದೊಂದೇ.