ನಾಲ್ಕು ತಾಲ್ಲೂಕು, ಒಂದು ಲಿನಕ್ಸ್ ಸೀಡಿ

ಕಂಪ್ಯೂಟರ್ ಕೆಟ್ಟಾಗ ಆಗುವ ಫಜೀತಿ ಒಂದು ತೂಕವಾದರೆ, ಅದು ಸರಿಯಾಗಿಯೇ ಇದ್ದು ನಮಗೆ ಅರ್ಥವಾಗದಿದ್ದಾಗ ಆಗುವ ಫಜೀತಿ ಇನ್ನೊಂದು ತೂಕ. ಈ ಎರಡನೆಯದು ನನ್ನ ಪಾಲಿಗೆ ವಾರದ ಸಂತೆಯ ಹಾಗೆ ತಪ್ಪದೆ ಬರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಪಾಂಡವಪುರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಟೈಪ್‌ರೈಟರಿಗೆ ಬರುವವರು ಕಡಿಮೆಯಾಗುತ್ತಿದ್ದ ಹಾಗೆ ನಮ್ಮ ಯಜಮಾನರು ಎಲ್ಲಿಂದಲೋ ಹಳೇ ಕಂಪ್ಯೂಟರುಗಳನ್ನು ತಂದು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಒಂದೊಂದು ಕೋಣೆ ಹಿಡಿದು ಬೋರ್ಡು ಹಾಕಿಸಿದರು. ಮೂರು ಕಡೆಗೂ ನಾನೇ ಇನ್‌ಸ್ಟ್ರಕ್ಟರು, ನಾನೇ ಮೆಕ್ಯಾನಿಕ್ಕು. ಬಸ್ಸಿನಲ್ಲಿ ಓಡಾಟ. ಚೀಲದಲ್ಲಿ ಊಟದ ಡಬ್ಬಿ, ಒಂದು ಸ್ಕ್ರೂಡ್ರೈವರು, ಇಂಗ್ಲಿಷ್ ಪತ್ರಿಕೆಯೊಂದರ ಜೊತೆ ಬಂದಿದ್ದ, ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಸೀಡಿ.

"ಇದನ್ನ ಎಷ್ಟು ಮಿಷನ್ನಿಗೆ ಬೇಕಾದರೂ ಹಾಕಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ" ಅಂದೆ.

ಯಜಮಾನರು ಸೀಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಪುಕ್ಸಟ್ಟೆ ಕೊಡೋಕೆ ಯಾರ್ಲಾ ಅವ್ರು? ಎಲೆಕ್ಷನ್‌ಗೆ ನಿಂತವ್ರಾ?"

ನೊಗ

ಮೊದಲ ಬ್ಯಾಚಿನಲ್ಲಿ ಕಷ್ಟವಾದದ್ದು 'ಮೌಂಟ್' ಅನ್ನುವ ಮಾತು. ಲಿನಕ್ಸಿನಲ್ಲಿ ಫ್ಲಾಪಿ ತೂರಿಸಿದರೆ ಸಾಲದು, ಮೌಂಟ್ ಮಾಡಬೇಕು, ಅಂದರೆ ಅದನ್ನು ಜೋಡಿಸಿಕೋ ಅಂತ ಯಂತ್ರಕ್ಕೆ ಹೇಳಬೇಕು. ತೆಗೆಯುವ ಮುಂಚೆ ಅನ್‌ಮೌಂಟ್ ಮಾಡಬೇಕು. ಹಾಗೆ ಮಾಡದೆ ಕಿತ್ತುಕೊಂಡರೆ ಬರೆದದ್ದು ಫ್ಲಾಪಿಗೆ ಇಳಿದೇ ಇರುವುದಿಲ್ಲ. ಇದನ್ನು ಪುಸ್ತಕದಲ್ಲಿದ್ದ ಹಾಗೇ ಮೂರು ದಿನ ಹೇಳಿದೆ. ಮೂರು ದಿನವೂ ಎಲ್ಲರೂ ತಲೆ ಆಡಿಸಿ, ಫ್ಲಾಪಿ ಕಿತ್ತುಕೊಂಡು ಮನೆಗೆ ಹೋದರು. ಮಾರನೆಯ ದಿನ ಖಾಲಿ ಫ್ಲಾಪಿ ತಂದು, "ಸಾ, ನೆನ್ನೆ ಬರೆದಿದ್ದು ದಾರೀಲಿ ಉದುರೋಗೈತೆ" ಅಂದರು.

ಆ ಬ್ಯಾಚಿನಲ್ಲಿ ಹಳ್ಳಿಯ ಹಾಲಿನ ಡೈರಿಯೊಂದರ ಕಾರ್ಯದರ್ಶಿ ಇದ್ದರು. ಐವತ್ತು ದಾಟಿದವರು. ಡೈರಿಗೂ ಕಂಪ್ಯೂಟರ್ ಬರುತ್ತದಂತೆ ಅನ್ನುವ ಸುದ್ದಿ ಕೇಳಿ ಮುಂಚಿತವಾಗಿ ಕಲಿಯಲು ಬಂದಿದ್ದರು. ನಾಲ್ಕನೆಯ ದಿನ ನನ್ನ ಪಾಡು ನೋಡಲಾರದೆ ಎದ್ದು ನಿಂತರು.

"ಲೇ, ಎತ್ತಿಗೆ ನೊಗ ಹೂಡ್ತೀರೋ ಇಲ್ವೋ? ಹೂಡುದ್ಮೇಲೆ ತಾನೆ ಉಳೋದು? ಸಾಯಂಕಾಲ ನೊಗ ಬಿಚ್ಚದಂಗೆ ಎತ್ತು ಎಳ್ಕೊಂಡು ಮನೆಗೋಯ್ತೀರಾ? ಹೋದ್ರೆ ನೇಗಿಲೂ ಇಂದಿಂದೆ ಬತ್ತದೆ. ಫ್ಲಾಪಿನೂ ಅಂಗೇ ಕಣ್ರಲಾ!"

ಅವತ್ತಿನಿಂದ ಒಂದು ಫ್ಲಾಪಿಯೂ ಖಾಲಿಯಾಗಲಿಲ್ಲ. ಕೋರ್ಸ್ ಮುಗಿದಾಗ ಮೈಸೂರಿನಿಂದ ಪರೀಕ್ಷೆ ಮಾಡಲು ಒಬ್ಬರು ಬಂದರು. ಸೂಟು, ಟೈ, ಇಂಗ್ಲಿಷು. "ಫ್ಲಾಪಿ ತೆಗೆಯುವ ಮೊದಲು ಏನು ಮಾಡಬೇಕು?" ಅಂತ ಕೇಳಿದರು. ಇಡೀ ಕ್ಲಾಸು ಒಂದೇ ಉಸಿರಿಗೆ ಕೂಗಿತು: "ನೊಗ ಬಿಚ್ಚಬೇಕು ಸಾ!"

ಅವರು ಪ್ರಶ್ನೆಪತ್ರಿಕೆ ತಿರುವಿಹಾಕಿ, ತಾವು ಬಂದಿರುವುದು ಪಶುವೈದ್ಯ ಇಲಾಖೆಯ ತರಬೇತಿಗೋ ಅಂತ ನನ್ನನ್ನೇ ಕೇಳಿದರು.

ಒಳಗೆ ಯಾರೋ ಅವ್ರೆ

ಒಂದು ದಿನ ನಾನು ಪಾಂಡವಪುರದಲ್ಲಿದ್ದಾಗ ಕೆ.ಆರ್. ಪೇಟೆ ಸೆಂಟರಿನಿಂದ ಫೋನು. ಮಾತಾಡಿದವನು ಮಾಕವಳ್ಳಿ ಕಡೆಯ ಒಬ್ಬ ವಿದ್ಯಾರ್ಥಿ. ಬಲು ವಿಧೇಯ. ನಾನು 'ಕೂತ್ಕೊ' ಅಂದರೆ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂರುವಂಥವನು.

"ಸಾ, ಸೀಡಿ ಆಚಿಗೆ ಬತ್ತಿಲ್ಲ. ಗುಂಡಿ ಒತ್ತುದ್ರೂ ಬಾಗ್ಲು ತಗೀತಿಲ್ಲ."

"ಅನ್‌ಮೌಂಟ್ ಮಾಡಿದ್ಯೇನಪ್ಪ?"

"ಮಾಡ್ದೆ ಸಾ. ಡಿವೈಸ್ ಈಸ್ ಬ್ಯುಸಿ ಅಂತದೆ. ಒಳಗ್ಯಾರೋ ಅವ್ರೆ ಅಂತ ಅರ್ಧ ಗಂಟೆಯಿಂದ ಸುಮ್ಕೆ ಕೈಕಟ್ಕೊಂಡು ಕೂತಿವ್ನಿ."

ನನಗೆ ಗೊತ್ತಾಯಿತು. ಇವನು ಪರದೆಯ ಮೇಲೆ ಸೀಡಿಯ ಡೈರೆಕ್ಟರಿಯೊಳಗೆ, ಅಂದರೆ ಅದರ ಕಡತಗಳ ಪಟ್ಟಿಯೊಳಗೆ ಹೋಗಿ ಅಲ್ಲಿಂದಲೇ ಸೀಡಿಯನ್ನು ಬಿಡಿಸಲು ನೋಡುತ್ತಿದ್ದಾನೆ. ತಾನು ಕೂತ ಕೊಂಬೆಯನ್ನೇ ಕಡಿದ ಹಾಗೆ.

"ಒಳಗಿರೋನು ಬೇರೆ ಯಾರೂ ಅಲ್ಲ ಕಣಯ್ಯ, ನೀನೇ! ಮೊದಲು ನೀನು ಆಚೆ ಬಾ, ಆಮೇಲೆ ಮಾಡು" ಅಂದೆ.

"ಸರಿ ಸಾ" ಅಂದ. ಫೋನು ಮೇಜಿನ ಮೇಲಿಟ್ಟ ಸದ್ದು ಬಂತು. ಚಪ್ಪಲಿ ಮೆಟ್ಟಿದ ಸದ್ದು ಬಂತು. ಆಮೇಲೆ ಯಾವ ಸದ್ದೂ ಇಲ್ಲ. ಹಲೋ ಹಲೋ ಅಂದು ಅಂದು ನನ್ನ ಗಂಟಲು ಒಣಗಿತು. ಎಷ್ಟೋ ಹೊತ್ತಿನ ಮೇಲೆ ಏದುಸಿರು ಕೇಳಿಸಿತು.

"ಆಚೆ ಬಂದಿದ್ದೆ ಸಾ. ಬಸ್‌ಸ್ಟ್ಯಾಂಡ್ ಗಂಟ ಹೋಗ್ಬುಟ್ಟು ಬಂದೆ. ಇನ್ನೂ ಬ್ಯುಸಿ ಅಂತ್ಲೇ ಅಂತದೆ!"

ಕಿಲೀನು

ನಾಗಮಂಗಲದ ಸೆಂಟರ್ ನೋಡಿಕೊಳ್ಳುತ್ತಿದ್ದ ಮೇಡಂ ಬಹಳ ಅಚ್ಚುಕಟ್ಟು. ಮೇಜಿನ ಮೇಲೆ ಧೂಳು ಕಂಡರೆ ಅವರಿಗೆ ಅವತ್ತು ಊಟ ಸೇರದು. ಅಂಥವರು ಫೋನ್ ಮಾಡಿ ಅಳುವ ದನಿಯಲ್ಲಿ ಹೇಳಿದರು: "ಸಾರ್, ಕಂಪ್ಯೂಟರು ದಿನಾ ಬೆಳಿಗ್ಗೆ 'ನಾಟ್ ಕ್ಲೀನ್' ಅಂತ ತೋರಿಸಿ ನಮ್ಮ ಮಾನ ಕಳೀತಿದೆ. ನಾನೂ ದಿನಾ ಒರೆಸಿಸ್ತಲೇ ಇದೀನಿ."

ಅದು ತೋರಿಸುತ್ತಿದ್ದದ್ದು ಬೇರೆ. ಡಿಸ್ಕನ್ನು ಕ್ರಮವಾಗಿ ಅನ್‌ಮೌಂಟ್ ಮಾಡದೆ ಯಂತ್ರ ನಿಂತುಹೋಗಿದೆ, ಆದ್ದರಿಂದ ಪೂರ್ತಿ ತಪಾಸಣೆ ಮಾಡುತ್ತೇನೆ ಅಂತ. ಕರೆಂಟು ಹೋಗಿ ಬಂದರೆ ಹೀಗಾಗುವುದು ಸಹಜ ಅಂದೆ. "ಕರೆಂಟ್ ಹೋಗೇ ಇಲ್ಲ ಸಾರ್" ಅಂದರು. ನಾಗಮಂಗಲದಲ್ಲಿ ಕರೆಂಟು ಹೋಗಲಿಲ್ಲ ಅನ್ನುವುದೇ ನನಗೆ ಹೆಚ್ಚು ಗಾಬರಿಯ ವಿಷಯವಾಯಿತು.

ಮಾರನೆಯ ದಿನ ಮೊದಲ ಬಸ್ಸಿಗೇ ಹೋಗಿ ಒಂದು ಮೂಲೆಯಲ್ಲಿ ಕೂತೆ. ಮೇಡಂ ಬಂದರು, ಕಂಪ್ಯೂಟರ್ ಆನ್ ಮಾಡಿದರು, ಅದು ಶುರುವಾಗುವಷ್ಟರಲ್ಲಿ ಬರುತ್ತೇನೆ ಅಂತ ಕಾಫಿಗೆ ಹೋದರು. ಆಗ ಕಸ ಗುಡಿಸುವ ಅಜ್ಜಿ ಬಂದಳು. ದೇವಲಾಪುರದ ಕಡೆಯವಳು. ಒದ್ದೆ ಬಟ್ಟೆ ಹಿಂಡಿಕೊಂಡಳು, ಕಂಪ್ಯೂಟರಿಗೆ ಒಂದು ಸಲ ಕೈಮುಗಿದಳು, ಗೋಡೆಯಿಂದ ಪ್ಲಗ್ಗು ಕಿತ್ತಳು, ಒರೆಸಿದಳು, ಮತ್ತೆ ಪ್ಲಗ್ಗು ಚುಚ್ಚಿದಳು. ಯಂತ್ರ ಎದ್ದು 'ನಾಟ್ ಕ್ಲೀನ್' ಅಂತ ಶುರುಮಾಡುವ ಹೊತ್ತಿಗೆ ಮೇಡಂ ಕಾಫಿ ಮುಗಿಸಿ ಒಳಗೆ ಬಂದರು. "ನೋಡಜ್ಜಿ, ಇವತ್ತೂ ಗಲೀಜಂತೆ! ನಾಳೆಯಿಂದ ಎರಡು ಸಲ ಒರೆಸು."

ನಾನು ಅಜ್ಜಿಯನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದೆ: ನೀನು ವೈರು ಕೀಳುವುದರಿಂದಲೇ ಅದು ಹಾಗನ್ನುತ್ತದೆ.

"ಕರೆಂಟಿರೋ ಪೆಟ್ಗೆಗೆ ಒದ್ದೆ ಬಟ್ಟೆ ತಗುಲಿಸ್ಬ್ಯಾಡ ಅಂತ ನನ್ನಳಿಯ ಏಳವ್ನೆ, ಅದ್ಕೇ ಕೀಳ್ತಿದ್ದೆ" ಅಂದಳು. ಆಮೇಲೆ ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. "ಅಂಗಾರೆ ನಾನು ಕಿಲೀನು ಮಾಡಿದ್ಕೇ ಅದು ಕಿಲೀನಿಲ್ಲ ಅಂತಿತ್ತಾ? ನಮ್ಮತ್ತೆನೂ ಇಂಗೇ ಇದ್ಲು ಕಣ್ ಸಾಮಿ."

ಅಟ್ಟದ ಮೇಲಿನ ಶನಿ

ಶ್ರೀರಂಗಪಟ್ಟಣದ ಒಬ್ಬ ಜೋಯಿಸರು ಜಾತಕ ಬರೆಯಲು ಕಂಪ್ಯೂಟರ್ ಕೊಂಡಿದ್ದರು. ಪ್ರೋಗ್ರಾಮು ಬರೆದುಕೊಟ್ಟವನು ನಾನೇ. ಅದು ಜಾತಕ ಹೇಗೆ ಬರೆಯುತ್ತಿತ್ತೋ ಕಾಣೆ, ಮೆಮೊರಿ ನುಂಗುವುದರಲ್ಲಿ ಮಾತ್ರ ಬಕಾಸುರ. ಗುರು, ಶುಕ್ರರ ತನಕ ಬಂದು ಉಸಿರು ಕಟ್ಟಿ ನಿಲ್ಲುತ್ತಿತ್ತು. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಸ್ವಾಪ್‌ಗೆ ಬಿಡಬೇಕು ಅಂದೆ.

"ಹಾಗಂದ್ರೇನಪ್ಪ?"

"ಅಟ್ಟ ಇದ್ದ ಹಾಗೆ ಸ್ವಾಮಿ. ಅಡುಗೆಮನೆ ಚಿಕ್ಕದು, ಪಾತ್ರೆ ಜಾಸ್ತಿ. ಸದ್ಯಕ್ಕೆ ಬೇಡದ್ದನ್ನ ಅಟ್ಟಕ್ಕೆ ಹಾಕ್ತೀವಿ, ಬೇಕಾದಾಗ ಇಳಿಸ್ಕೋತೀವಿ."

ಜೋಯಿಸರಿಗೆ ತುಂಬಾ ಹಿಡಿಸಿತು. ಆದರೆ ಭಾರದ ವಸ್ತು ಈಶಾನ್ಯದಲ್ಲಿ ಇರಕೂಡದು, ನಿನ್ನ ಅಟ್ಟ ಡಿಸ್ಕಿನ ಯಾವ ಮೂಲೆಯಲ್ಲಿ ಬರುತ್ತದೆ ಅಂತ ಕೇಳಿದರು. ಡಿಸ್ಕು ದುಂಡಗಿದೆ, ಅದಕ್ಕೆ ಮೂಲೆಯೇ ಇಲ್ಲ, ಮೇಲಾಗಿ ಸದಾ ಸುತ್ತುತ್ತಿರುತ್ತದೆ ಅಂದೆ. ಅವರು ಬೆರಳು ಮಡಿಸಿ ಎಣಿಸಿ, "ಹಾಗಾದರೆ ದೋಷ ಒಂದೇ ಕಡೆ ನಿಲ್ಲೋದಿಲ್ಲ" ಅಂತ ಒಪ್ಪಿದರು. ರಾಹುಕಾಲ ಕಳೆದ ಮೇಲೆ ಸ್ವಾಪ್ ಮಾಡಿ ಚಾಲೂ ಮಾಡಿದೆ.

ಜಾತಕ ಕೊನೆಯವರೆಗೂ ಬರತೊಡಗಿತು. ನಡುವೆ ಮಾತ್ರ ಡಿಸ್ಕು ಗರಗರ ಅಂತ ಬಹಳ ಹೊತ್ತು ತಿರುಗುತ್ತಿತ್ತು. ಒಂದು ದಿನ ನಾನು ಅಲ್ಲಿರುವಾಗಲೇ ಒಬ್ಬ ರೈತರು ಜಾತಕಕ್ಕೆ ಕಾಯುತ್ತಿದ್ದರು. ಗರಗರ ನಿಲ್ಲಲೇ ಇಲ್ಲ. ಜೋಯಿಸರು ಸಮಾಧಾನ ಹೇಳಿದರು:

"ಸ್ವಲ್ಪ ತಡೀರಿ. ನಿಮ್ಮ ಶನಿ ಅಟ್ಟದ ಮೇಲಿದ್ದಾನೆ. ಈಗ ಇಳೀತಾ ಇದ್ದಾನೆ."

ರೈತರು ಧಡಕ್ಕನೆ ಎದ್ದು ನಿಂತರು. "ಅಲ್ಲೇ ಇರ್ಲಿ ಬುಡಿ ಸಾಮಿ! ಅತ್ತಿ ಕೂತಿರೋನ್ನ ನೀವ್ಯಾಕೆ ಇಳಿಸ್ತೀರಿ?"

ಮೇಷ್ಟ್ರಿಗೆ ಮನೆ ಇಲ್ಲ

ಕಿಕ್ಕೇರಿಯ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ನಮ್ಮ ಕೆ.ಆರ್. ಪೇಟೆ ಸೆಂಟರಿಗೆ ದಿನವೂ ಬರುತ್ತಿದ್ದರು. ಅಷ್ಟು ಮೃದು ಮನುಷ್ಯರನ್ನು ನಾನು ಕಂಡಿಲ್ಲ. ಕಾಲು ತುಳಿದವರಿಗೂ 'ನಿಮಗೆ ನೋವಾಯ್ತೇನಪ್ಪ' ಅನ್ನುವವರು. ಅವರು ಸಂಗ್ರಹಿಸುತ್ತಿದ್ದದ್ದು ನಮ್ಮ ಸೀಮೆಯ ಬೈಗುಳ. ಸಂತೆ, ಆಲೆಮನೆ, ಬಸ್‌ಸ್ಟ್ಯಾಂಡು, ಎಲ್ಲಿ ಜಗಳ ಕಂಡರೂ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡು ಬಂದು, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡುತ್ತಿದ್ದರು. ಯಾವ ಊರಿನದು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಬೈದರು, ಎಲ್ಲಕ್ಕೂ ಬೇರೆ ಬೇರೆ ಕಾಲಮ್ಮು. ಎರಡು ವರ್ಷದ ದುಡಿಮೆ. ಸೋಮವಾರ ಅದನ್ನು ಅಚ್ಚು ಹಾಕಿಸಿಕೊಂಡು ಮೈಸೂರಿನ ವಿದ್ವಾಂಸರೊಬ್ಬರಿಗೆ ಕೊಡಬೇಕಿತ್ತು.

ಅದರ ಹಿಂದಿನ ಶನಿವಾರ ಹೊಸ ಡಿಸ್ಕು ಬಂತು. ಎಲ್ಲರ ಕಡತಗಳೂ 'ಹೋಮ್' ಅನ್ನುವ ಡೈರೆಕ್ಟರಿಯಲ್ಲಿದ್ದವು. ಜಾಗ ಸಾಲದಾಗಿತ್ತು. ಹೊಸ ಡಿಸ್ಕನ್ನು ಅಲ್ಲಿಗೇ ಮೌಂಟ್ ಮಾಡಿ, ಯಂತ್ರ ಶುರುವಾದ ಪ್ರತಿ ಸಲವೂ ತಾನಾಗಿಯೇ ಕೂರಲಿ ಅಂತ ಅದರ ಪಟ್ಟಿಯಲ್ಲೂ ಬರೆದೆ. ಬಹಳ ಹೆಮ್ಮೆಯಾಯಿತು.

ಮಧ್ಯಾಹ್ನ ಮೇಷ್ಟ್ರು ಬಂದು ಕೂತರು. "ಏನಪ್ಪ, ನನಗೆ ಹೋಮೇ ಇಲ್ಲ ಅಂತಿದೆಯಲ್ಲ?"

ನೋಡಿದೆ. ಮೇಷ್ಟ್ರದ್ದಷ್ಟೇ ಅಲ್ಲ, ಯಾರದೂ ಇರಲಿಲ್ಲ. ಬಟಾಬಯಲು. ಫ್ಲಾಪಿಯಲ್ಲಿ ನಕಲು ಇದೆಯೇ ಅಂದೆ. ಅದಕ್ಕೆ ಬೂಷ್ಟು ಹಿಡಿದಿತ್ತಂತೆ. ಟಿಕೆಟ್ಟುಗಳು? "ಕಂಪ್ಯೂಟರಲ್ಲಿದೆಯಲ್ಲ ಅಂತ ನೀರೊಲೆಗೆ ಹಾಕಿದೆ." ಕೈಮುಗಿದು, "ಮೇಷ್ಟ್ರೇ, ನನ್ನಿಂದ ಎಲ್ಲ ಹೋಯ್ತು ಅನ್ಸುತ್ತೆ" ಅಂದೆ.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಜನ್ಮದಲ್ಲಿ ಮೊದಲ ಸಲ ಬೈಯಲು ಬಾಯಿ ಬಿಟ್ಟರು.

"ನಿನ್ ಮನೆ ಎಕ್ಕುಟ್ಟೋಗ! ಬಡ್ಡೆತ್ತದೆ! ಸಗಣಿ ತಲೆ ಮುಂಡೇದೆ! ನಿನ್ ಬಾಯ್ಗೆ ಬೂದಿ ಬೀಳ! ರಾಗಿಕಲ್ಲಿಗೆ ಸಿಕ್ಕಿದ್ ಮೂತಿಯೋನೆ!"

ಒಂದೂ ಮರುಕಳಿಸಲಿಲ್ಲ. ಪಾಂಡವಪುರದ ಬೈಗುಳ ಮುಗಿಸಿ ನಾಗಮಂಗಲದ್ದಕ್ಕೆ ಹೋದರು, ಅಲ್ಲಿಂದ ಶ್ರೀರಂಗಪಟ್ಟಣದ್ದಕ್ಕೆ ಬಂದರು. ಅವತ್ತು ನಮ್ಮ ಯಜಮಾನರೂ ಸೆಂಟರಿನಲ್ಲೇ ಇದ್ದರು. ಅವರು ಶಾರ್ಟ್‌ಹ್ಯಾಂಡಿನಲ್ಲಿ ಪಂಡಿತರು. ನನ್ನ ನೆರವಿಗೆ ಬರುತ್ತಾರೆ ಅಂದುಕೊಂಡೆ. ಅವರು ಪೆನ್ಸಿಲ್ ತೆಗೆದು ಸರಸರ ಬರೆದುಕೊಳ್ಳುತ್ತಿದ್ದರು. "ವಸಿ ನಿಧಾನ ಮೇಷ್ಟ್ರೇ, ಕೊನೇದು ಇನ್ನೊಂದ್ಸಲ ಬೈಯ್ರಿ. ಲೇ, ನೀನು ಅಳ್ಳಾಡ್ಬ್ಯಾಡ್ವೋ, ಅಂಗೇ ನಿಂತ್ಕೊ. ನೀನು ಎದುರ್ಗಿದ್ರೆ ಚೆನ್ನಾಗಿ ನೆನಪಾಯ್ತವೆ!"

ಮೇಷ್ಟ್ರು ನೀರು ಕುಡಿಯಲು ನಿಂತಾಗ ತಪ್ಪಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ಪಾಂಡವಪುರದ ಬಸ್ಸು ಹತ್ತಿದೆ. ಮುಂದಿನ ಸೀಟಿಗೆ ಇಬ್ಬರ ಜಗಳ. "ನಾನು ಟವಲ್ ಆಕಿವ್ನಿ ಕಣಯ್ಯ!" ಅಂತ ಒಬ್ಬ. "ನಿನ್ ಟವಲ್ ಎತ್ತಿ ನೋಡ್ಲಾ, ಕೆಳಗೆ ನನ್ ಕರ್ಚೀಪು ಮೊದ್ಲೇ ಐತೆ!" ಅಂತ ಇನ್ನೊಬ್ಬ. ಟವಲ್ ಎತ್ತಿದರು. ಕರ್ಚೀಪು ಅಲ್ಲೇ ಇತ್ತು.

ನಾನು ಹೊರಟ ಬಸ್ಸಿನಿಂದ ಧುಮುಕಿ ಸೆಂಟರಿಗೆ ಓಡಿದೆ. ಹೊಸ ಡಿಸ್ಕನ್ನು ಹಳೆಯದರ ಮೇಲೆ ಹಾಸಿಬಿಟ್ಟಿದ್ದೆ, ಅಷ್ಟೇ. ಅನ್‌ಮೌಂಟ್ ಮಾಡಿದ ತಕ್ಷಣ ಕೆಳಗಿದ್ದದ್ದೆಲ್ಲ ಇದ್ದ ಹಾಗೇ ಕಂಡಿತು. ಎರಡು ವರ್ಷದ ಬೈಗುಳದಲ್ಲಿ ಒಂದಕ್ಷರ ಸವೆದಿರಲಿಲ್ಲ. ಮೇಷ್ಟ್ರು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. "ಏನೇನೋ ಅಂದುಬಿಟ್ಟೆನಲ್ಲಪ್ಪ, ಮನಸ್ಸಿಗೆ ಹಚ್ಕೋಬೇಡ."

ಆಮೇಲೆ ಯಜಮಾನರ ಶಾರ್ಟ್‌ಹ್ಯಾಂಡನ್ನೂ ಕಂಪ್ಯೂಟರಿನ ಪಟ್ಟಿಯನ್ನೂ ಇಬ್ಬರೂ ಕೂತು ತಾಳೆ ನೋಡಿದರು. ಹನ್ನೊಂದು ಬೈಗುಳ ಪಟ್ಟಿಯಲ್ಲಿ ಇರಲೇ ಇಲ್ಲ, ಹೊಚ್ಚ ಹೊಸವು. ಮೇಷ್ಟ್ರು ಸಂಕೋಚದಿಂದ ನನ್ನ ಒಪ್ಪಿಗೆ ಕೇಳಿ ಅವನ್ನೂ ಸೇರಿಸಿದರು. ಸೋಮವಾರ ಮೈಸೂರಿಗೆ ಹೋದ ಪ್ರತಿಯಲ್ಲಿ ಆ ಹನ್ನೊಂದರ ಎದುರಿಗೂ, ಯಾರಿಗೆ ಬೈದದ್ದು ಅನ್ನುವ ಕಾಲಮ್ಮಿನಲ್ಲಿ ನನ್ನ ಹೆಸರಿತ್ತು, ಇನಿಷಿಯಲ್ ಸಮೇತ.